ಆರು ಕಂತಿಗೆ ಸಾಕೆಂದವರು

ಅವರ ಸಂತಾಪ ಠರಾವನ್ನು ಟೈಪು ಮಾಡಿದವನು ನಾನೇ. ಚಿಕ್ಕೋಡಿಯ ಕೋರ್ಟಿನಲ್ಲಿ ನಾನು ಸ್ಟೆನೊ. ನ್ಯಾಯಾಧೀಶರು ಹೇಳುತ್ತ ಹೋದರು, ನಾನು ಶೀಘ್ರಲಿಪಿಯಲ್ಲಿ ಬರೆದುಕೊಳ್ಳುತ್ತ ಹೋದೆ: ಮೃದುಭಾಷಿ, ಕರ್ತವ್ಯನಿಷ್ಠ, ಮರಾಠಿ, ಕನ್ನಡ, ಇಂಗ್ಲಿಷ್ ಮೂರರಲ್ಲೂ ಪ್ರಭುತ್ವವಿದ್ದ ಭಾಷಾಂತರಕಾರ. ಮೂರು ಪ್ರತಿ ತೆಗೆದೆ. ಒಂದು ತಪ್ಪೂ ಇರಲಿಲ್ಲ. ಎಲ್ಲರೂ ಎರಡು ನಿಮಿಷ ಎದ್ದು ನಿಂತರು, ಆಮೇಲೆ ಯಾವುದೋ ಆಸ್ತಿ ಪಾಲಿನ ದಾವೆಯ ಕೂಗು ಬಿತ್ತು. ನನಗೆ ಅಳು ಬರಲಿಲ್ಲ. ಈಗಲೂ ಬಂದಿಲ್ಲ. ಗಟ್ಟಿ ಮನಸ್ಸಿನವನು ಎಂದು ಮಂದಿ ತಿಳಿದಿದ್ದಾರೆ. ಹಾಗೇನಿಲ್ಲ, ಒಳಗೆ ಏನೂ ಆಗುತ್ತಿಲ್ಲ, ಅಷ್ಟೇ.

ಠರಾವಿನಲ್ಲಿ ಬರೆದದ್ದೆಲ್ಲ ನಿಜ, ಆದರೆ ಅದನ್ನು ಓದಿದರೆ ಅವರು ಯಾರೆಂದು ಗೊತ್ತಾಗುವುದಿಲ್ಲ. ಬ್ರಿಟಿಷ್ ಸಿಟ್‌ಕಾಮುಗಳ, ಟೀವಿಯ ಆ ನಗೆ ಧಾರಾವಾಹಿಗಳ ಬಗ್ಗೆ ಒಂದು ಸಾಲೂ ಇಲ್ಲದ ಮೇಲೆ ಅದು ಅವರ ಠರಾವು ಹೇಗಾದೀತು? ಇನ್ನೊಂದು ಸಂಗತಿಯೂ ಅದರಲ್ಲಿ ಇಲ್ಲ. ಅವರನ್ನು ಇನ್ನಷ್ಟು ದಿನ ಉಳಿಸಿಕೊಳ್ಳಲು ನನಗೆ ಒಂದು ಮಧ್ಯಾಹ್ನ ಸಿಕ್ಕಿತ್ತು. ಅದನ್ನೂ ಬರೆಯಬೇಕು.

ಕೋರ್ಟಿನಲ್ಲಿ ಎಲ್ಲರೂ ಅವರನ್ನು ತರ್ಜುಮಾ ಸಾಹೇಬರು ಎನ್ನುತ್ತಿದ್ದರು. ನಮ್ಮದು ಗಡಿ ಸೀಮೆ. ನಿಪ್ಪಾಣಿ ಕಡೆಯ ಸಾಕ್ಷಿ ಬಂದರೆ ಪೂರಾ ಮರಾಠಿ, ಕಾಗವಾಡದ ಕಡೆಯವರು ಬಂದರೆ ಒಂದೇ ವಾಕ್ಯದಲ್ಲಿ ಎರಡೂ ಭಾಷೆ. ಅದನ್ನೆಲ್ಲ ಕನ್ನಡಕ್ಕೂ ಇಂಗ್ಲಿಷಿಗೂ ತರುವುದು ಅವರ ಕೆಲಸ. ಸಾಕ್ಷಿ ‘ನಾನು’ ಎಂದರೆ ಇವರೂ ‘ನಾನು’ ಎನ್ನುತ್ತಿದ್ದರು. ನಾನು ನನ್ನ ತಮ್ಮನ ಬಾವಿಗೆ ಕಲ್ಲು ಹಾಕಿಲ್ಲ ಎಂದು ಇವರು ಗಂಭೀರವಾಗಿ ಹೇಳುವಾಗ ಹೊಸ ವಕೀಲರು ಗಲಿಬಿಲಿಯಾಗಿ ಇವರ ಮುಖವನ್ನೇ ನೋಡುತ್ತಿದ್ದರು. ಒಂದು ಅಕ್ಷರ ಕೂಡಿಸುತ್ತಿರಲಿಲ್ಲ, ಒಂದು ಅಕ್ಷರ ಕಳೆಯುತ್ತಿರಲಿಲ್ಲ. ಒಮ್ಮೆ ಒಬ್ಬ ಮುದುಕಿ ಕಟಕಟೆಯಲ್ಲಿ ನಿಂತು ಬಿಕ್ಕತೊಡಗಿದಳು. ಏನು ಹೇಳುತ್ತಿದ್ದಾರೆ ಎಂದು ನ್ಯಾಯಾಧೀಶರು ಕೇಳಿದರು. ಏನೂ ಹೇಳುತ್ತಿಲ್ಲ, ಅಳುತ್ತಿದ್ದಾರೆ ಎಂದರು ಇವರು. ಅದನ್ನೂ ನಾನು ಬರೆದುಕೊಂಡೆ.

ಆ ಕಸುಬು ಅವರ ಮೈಗೇ ಹತ್ತಿತ್ತು. ನೀವು ಏನೇ ಹೇಳಿ, ಉತ್ತರ ಕೊಡುವ ಮೊದಲು ಎರಡು ಬೆರಳನ್ನು ಮೇಜಿನ ಮೇಲಿಟ್ಟು ಅರೆಗಳಿಗೆ ಸುಮ್ಮನಿರುತ್ತಿದ್ದರು. ಚಹಾ ಕುಡಿಯುತ್ತೀರಾ ಎಂದರೂ ಅಷ್ಟೇ. ಮೊದಮೊದಲು ನನಗೆ ಮೈಯೆಲ್ಲ ಉರಿಯುತ್ತಿತ್ತು. ಆಮೇಲೆ ರೂಢಿಯಾಯಿತು.

ನಮ್ಮ ಗೆಳೆತನ ಶುರುವಾದದ್ದು ಒಂದು ಶಬ್ದದಿಂದ. ಮೈಸೂರು ಕಡೆಯಿಂದ ಹೊಸ ನ್ಯಾಯಾಧೀಶರೊಬ್ಬರು ಬಂದಿದ್ದರು. ಹೊಲದ ಹಾದಿಯ ತಂಟೆ, ರೈತನೊಬ್ಬ ಸಾಕ್ಷಿ ಹೇಳುತ್ತಿದ್ದ. ಅಣ್ಣ ಹಾದಿಗೆ ಬೇಲಿ ಹಚ್ಚಿದ ಮೇಲೆ ಭಾಳ ಅವಘಡ ಆತ್ರಿ ಎಂದ. ಮರಾಠಿಯಲ್ಲಿ ಅವಘಡ ಎಂದರೆ ಕಷ್ಟ, ತೊಡಕು. ನಮ್ಮ ಕಡೆ ಕನ್ನಡ ಮಾತಾಡುವಾಗಲೂ ಆ ಅರ್ಥ ನುಸುಳುತ್ತದೆ. ನ್ಯಾಯಾಧೀಶರಿಗೆ ಗೊತ್ತಿದ್ದದ್ದು ಕನ್ನಡ ಪತ್ರಿಕೆಯ ಅವಘಡ. ಯಾವಾಗ ಆಯಿತು, ಯಾರಿಗೆ ಪೆಟ್ಟಾಯಿತು ಎಂದು ಕೇಳಿದರು. ಯಾರಿಗೂ ಪೆಟ್ಟಾಗಿಲ್ಲ, ಆದರೆ ದಿನಾ ಅವಘಡ ಆಗುತ್ತದೆ ಎಂದ ಅವನು. ದಿನಾ ಆಗುತ್ತಿದ್ದರೆ ಪೊಲೀಸರಿಗೆ ಯಾಕೆ ತಿಳಿಸಲಿಲ್ಲ ಎಂದು ಅವರು ಗದರಿದರು. ಹತ್ತು ನಿಮಿಷ ಹೀಗೇ ನಡೆಯಿತು. ಸಾಕ್ಷಿ ಮಾತಾಡುತ್ತಿದ್ದದ್ದು ಕನ್ನಡ, ಆದ್ದರಿಂದ ಭಾಷಾಂತರಕಾರರಿಗೆ ಕೆಲಸವಿರಲಿಲ್ಲ. ಕೈಕಟ್ಟಿ ಕೂತಿದ್ದರು. ನಾನು ಸ್ಟೆನೊ, ನನಗಂತೂ ಬಾಯಿಯೇ ಇಲ್ಲ. ಇಬ್ಬರ ಕಣ್ಣು ಕೂಡಿತು. ಕೊನೆಗೆ ವಕೀಲರೊಬ್ಬರು ಎದ್ದು ಬಿಡಿಸಿ ಹೇಳಿದರು.

ಊಟದ ಬಿಡುವಿನಲ್ಲಿ ಸಾಹೇಬರ ಮೇಜಿಗೆ ಹೋಗಿ, ಗೊತ್ತಿದ್ದೂ ಸುಮ್ಮನೆ ಯಾಕೆ ಕೂತಿರಿ ಎಂದೆ. ಎರಡು ಬೆರಳು ಮೇಜಿನ ಮೇಲೆ ಬಂದವು.

‘ಎಷ್ಟ್ ಚಂದ ನಡದಿತ್ತಲೇ ಸ್ಟೆನೊ. ಬ್ರಿಟಿಷರು ಇಂಥಾದ್ದೊಂದ ಬರಿಯಾಕ ಆರ್ ತಿಂಗಳ ತಗೋತಾರ’ ಎಂದರು.

ಯಾವ ಬ್ರಿಟಿಷರು ಎಂದು ನಾನು ಕೇಳಿದೆ. ಅಲ್ಲಿಗೆ ನನ್ನ ಊಟದ ಬಿಡುವು ಮುಂದಿನ ಎಂಟು ವರ್ಷ ಅವರ ಪಾಲಾಯಿತು.

ಅವರಿಗೆ ಆ ಹುಚ್ಚು ಹತ್ತಿದ್ದು ನಿಪ್ಪಾಣಿಯಲ್ಲಿ ಹೊಸದಾಗಿ ನೌಕರಿಗೆ ಸೇರಿದಾಗ. ಓಣಿಯ ಕೇಬಲ್ಲಿನವನು ಏನೋ ತಪ್ಪು ಮಾಡಿ ಮರಾಠಿ ಚಾನೆಲ್ಲಿನ ಜಾಗದಲ್ಲಿ ಯಾವುದೋ ವಿಲಾಯಿತಿ ಚಾನೆಲ್ಲು ಬಿಟ್ಟಿದ್ದನಂತೆ. ಇಡೀ ಓಣಿ ಅವನ ಅಂಗಡಿಯ ಮುಂದೆ ಜಗಳಕ್ಕೆ ನಿಂತಾಗ ಇವರೊಬ್ಬರೇ ಮನೆಯಲ್ಲಿ ಕೂತು ನಗುತ್ತಿದ್ದರಂತೆ. ಮೂರು ತಿಂಗಳಾದ ಮೇಲೆ ತಪ್ಪು ಸರಿಹೋಯಿತು. ಇವರು ಕೊಲ್ಹಾಪುರದ ಬಸ್ಸು ಹತ್ತಿ ಕ್ಯಾಸೆಟ್ಟು ಹುಡುಕತೊಡಗಿದರು. ನಾನು ಅವರನ್ನು ಕಾಣುವ ಹೊತ್ತಿಗೆ ಎಲ್ಲ ಪೆನ್‌ಡ್ರೈವಿಗೆ ಇಳಿದಿತ್ತು, ಆಮೇಲೆ ಫೋನಿಗೆ ಬಂತು.

ರೆಕಾರ್ಡು ಕೋಣೆಯಲ್ಲಿ ಹಳೆಯ ಕಾಗದದ ಗಂಟುಗಳ ನಡುವೆ ಎರಡು ಸ್ಟೂಲು. ಫೋನನ್ನು ಒಂದು ಗಂಟಿಗೆ ಆನಿಸಿ ಇಡುತ್ತಿದ್ದರು. ರೊಟ್ಟಿ ಮುರಿಯುತ್ತ ನೋಡುವುದು. ಇಂಗ್ಲೆಂಡಿನ ಯಾವುದೋ ಮಳೆಯ ಊರಿನ ಛತ್ರಿ ಅಂಗಡಿಯ ಕಥೆಯೊಂದು ಅವರಿಗೆ ಪ್ರಾಣ. ಅಂಗಡಿ ಇಬ್ಬರು ಅಣ್ಣತಮ್ಮಂದಿರದು. ಇಬ್ಬರಿಗೂ ಮಾತು ಬಿಟ್ಟಿದೆ, ಗಿರಾಕಿಗಳ ಮೂಲಕವೇ ಮಾತಾಡುತ್ತಾರೆ. ಗಿರಾಕಿ ಬಾರದ ದಿನ ಅಂಗಡಿಯಲ್ಲಿ ಪೂರಾ ಮೌನ. ಅದೇ ಅದರ ನಗೆ. ನನಗೆ ಆ ಬ್ರಿಟಿಷರ ಇಂಗ್ಲಿಷು ಕಿವಿಗೆ ಹತ್ತುತ್ತಿರಲಿಲ್ಲ, ಹಾಗಾಗಿ ಸಾಹೇಬರು ಸಾಲುಸಾಲೇ ತರ್ಜುಮೆ ಮಾಡುತ್ತಿದ್ದರು, ಕೋರ್ಟಿನಲ್ಲಿ ಮಾಡಿದಷ್ಟೇ ಗಂಭೀರವಾಗಿ.

ಬೈಗುಳಗಳ ತರ್ಜುಮೆಯಲ್ಲಿ ಅವರದೊಂದು ಸಿದ್ಧಾಂತವಿತ್ತು. ನಮ್ಮ ಕಡೆ ಸಿಟ್ಟು ಬಂದರೆ ‘ಲೇ’ ಎನ್ನುತ್ತಾರೆ, ಖರೇ ಸಿಟ್ಟು ಬಂದರೆ ‘ರೀ’ ಎನ್ನುತ್ತಾರೆ. ಬ್ರಿಟಿಷರ ಬೈಗುಳವೆಲ್ಲ ಎರಡನೆಯ ಜಾತಿಯದು. ಆದ್ದರಿಂದ ಛತ್ರಿ ಅಂಗಡಿಯ ಅಣ್ಣ ತಮ್ಮನನ್ನು ಕುರಿತು ಗಿರಾಕಿಗೆ ‘ಅವರಿಗೆ ಕೇಳ್ರಿ, ಅವರು ಭಾಳ ಶ್ಯಾಣ್ಯಾರದಾರ್ರಿ’ ಎಂದೇ ಹೇಳಬೇಕು. ಅಮೆರಿಕದವರಿಗೆ ‘ಲೇ’ ಬಿಟ್ಟು ಬೇರೆ ಗೊತ್ತಿಲ್ಲ, ಅವರದನ್ನು ಯಾರು ಬೇಕಾದರೂ ತರ್ಜುಮೆ ಮಾಡಬಹುದು ಎನ್ನುತ್ತಿದ್ದರು.

ನನಗೆ ಅಮೆರಿಕದವರೇ ಸೇರುತ್ತಿದ್ದರು. ಈ ಮಾತನ್ನು ನಾನು ಮುಚ್ಚಿಡಲಿಲ್ಲ. ಒಂದೇ ಕಟ್ಟಡದಲ್ಲಿ ಮೂರು ಸಂಸಾರಗಳಿರುವ ಅಮೆರಿಕದ ಧಾರಾವಾಹಿಯೊಂದನ್ನು ನಾನು ಮನೆಯಲ್ಲಿ ನೋಡುತ್ತಿದ್ದೆ. ಯಾರು ಯಾರ ಮನೆಗೆ ಬೇಕಾದರೂ ನುಗ್ಗುತ್ತಾರೆ, ಕೇಳದೆ ಫ್ರಿಜ್ಜು ತೆರೆಯುತ್ತಾರೆ. ಹಾರೂಗೇರಿಯಲ್ಲಿ ನಾವು ಬೆಳೆದದ್ದೂ ಹೀಗೇ. ಕೊನೆಗೆ ಜಗಳ ಬಗೆಹರಿಯುತ್ತದೆ, ಅಪ್ಪಿಕೊಳ್ಳುತ್ತಾರೆ. ದಿನವಿಡೀ ಅಣ್ಣತಮ್ಮಂದಿರು ಗೋಡೆ ಪಾಲು ಮಾಡಿಕೊಳ್ಳುವುದನ್ನು ಬೆರಳು ನೋಯುವ ತನಕ ಬರೆದುಕೊಳ್ಳುವ ನನ್ನಂಥವನಿಗೆ ಸಂಜೆ ಯಾರಾದರೂ ಅಪ್ಪಿಕೊಂಡರೆ ಸಾಕು. ಇದರಲ್ಲಿ ನಾಚಿಕೆ ಏನು ಬಂತು?

ಸಾಹೇಬರಿಗೆ ಆ ಅಪ್ಪುಗೆಯೇ ಆಗುತ್ತಿರಲಿಲ್ಲ. ಒಮ್ಮೊಮ್ಮೆ ನನ್ನ ಒತ್ತಾಯಕ್ಕೆ ನನ್ನದನ್ನೂ ನೋಡುತ್ತಿದ್ದರು. ಮೆತ್ತನೆಯ ಸಂಗೀತ ಶುರುವಾಗುತ್ತಲೇ ಎದ್ದು ನಿಲ್ಲುವರು. ಇನ್ನು ಕಲಿಯುತ್ತಾರೆ, ನಾ ಚಾಕ್ಕ ಹೊಂಟೆ ಎನ್ನುವರು. ಅಮೆರಿಕದವನು ಪ್ರತಿ ವಾರ ಏನಾದರೊಂದು ಪಾಠ ಕಲಿಯುತ್ತಾನೆ, ಮುಂದಿನ ವಾರ ಮರೆತು ಬರುತ್ತಾನೆ; ಬ್ರಿಟಿಷನು ಏನೂ ಕಲಿಯುವುದಿಲ್ಲ, ಏನೂ ಮರೆಯುವುದಿಲ್ಲ ಎನ್ನುವುದು ಅವರ ಮಾತು. ಅಮೆರಿಕದವರ ಮನೆಯ ಬಗ್ಗೆಯೂ ತಕರಾರು. ಹೋಟೆಲಿನಲ್ಲಿ ತಾಟು ತೊಳೆಯುವವನಿಗೂ ಅಷ್ಟು ದೊಡ್ಡ ಪಡಸಾಲೆ, ಸೋಫಾ ಒಂದು ದಿನವೂ ಹರಿಯುವುದಿಲ್ಲ. ಬ್ರಿಟಿಷರ ಗೋಡೆಗೆ ತೇವ ಹತ್ತಿರುತ್ತದೆ, ಬಾಗಿಲು ಎಳೆದರೆ ಹಿಡಿಕೆ ಕೈಗೆ ಬರುತ್ತದೆ. ನಮ್ಮ ಕ್ವಾರ್ಟರ್ಸಿನ ಬಾಗಿಲೂ ಹಾಗೇ ಇದ್ದುದರಿಂದ ಅವರಿಗೆ ಅದು ಸತ್ಯವೆನಿಸುತ್ತಿತ್ತು.

ಎಲ್ಲಕ್ಕಿಂತ ಅವರು ಮೆಚ್ಚಿದ್ದು ಬ್ರಿಟಿಷರು ನಿಲ್ಲಿಸುವ ರೀತಿಯನ್ನು. ಛತ್ರಿ ಅಂಗಡಿಯದು ಆರೇ ಕಂತು. ಆರನೆಯದರಲ್ಲಿ ಅಣ್ಣತಮ್ಮ ಒಂದಾಗುವುದಿಲ್ಲ, ಯಾರೂ ಸಾಯುವುದಿಲ್ಲ. ಮಳೆ ನಿಲ್ಲುತ್ತದೆ, ಗಿರಾಕಿ ಇಲ್ಲ, ಇಬ್ಬರೂ ಬೀದಿ ನೋಡುತ್ತ ಕೂತಿರುತ್ತಾರೆ, ಮುಗಿಯಿತು. ನನ್ನ ಅಮೆರಿಕದ್ದು ಹತ್ತು ವರ್ಷ ಓಡಿತ್ತು. ಮೊದಲ ವರ್ಷದ ಕೂಸು ಕೊನೆಯ ವರ್ಷ ಶಾಲೆಗೆ ಹೋಗುತ್ತಿತ್ತು. ನಗೆ ಆರಿಹೋದ ಮೇಲೂ ಎಳೆಯುತ್ತಾರೆ ಎಂದು ಅವರು ಗೇಲಿ ಮಾಡುವರು. ‘ಸಾಕು ಅನ್ನೂದ ಗೊತ್ತಿರಬೇಕಲೇ’ ಎನ್ನುವರು. ಎಂಟು ವರ್ಷದಲ್ಲಿ ಈ ವಾದ ಎಷ್ಟು ಸಲ ಆಯಿತೋ ಲೆಕ್ಕ ಇಟ್ಟವರಿಲ್ಲ.

ನಿವೃತ್ತಿಗೆ ಎರಡು ವರ್ಷ ಇರುವಾಗ ಹೊಟ್ಟೆಯಲ್ಲಿ ಗಂಟು ಕಾಣಿಸಿತು. ಮಿರಜದ ಆಸ್ಪತ್ರೆಯಲ್ಲಿ ಆರು ಸಲ ಔಷಧಿ ಏರಿಸಿದರು. ಕೂದಲು ಹೋಯಿತು, ಕೈಬೆರಳ ಉಗುರು ಕಪ್ಪಾದವು. ಗಂಟು ಕುಗ್ಗಿದೆ, ಇನ್ನೂ ಆರು ಸಲ ತೆಗೆದುಕೊಂಡರೆ ಕೆಲವು ವರ್ಷ ಸಿಕ್ಕೀತು, ಬಿಟ್ಟರೆ ತಿಂಗಳುಗಳ ಮಾತು ಎಂದು ಡಾಕ್ಟರು ಸ್ಪಷ್ಟವಾಗಿ ಹೇಳಿದರು. ಇವರು ಮನೆಗೆ ಬಂದು ಚೀಟಿಯನ್ನು ಮಡಚಿ ಇಟ್ಟರು. ತಲೆಗೊಂದು ಟೋಪಿ ಹಾಕಿಕೊಂಡು ಕೋರ್ಟಿಗೆ ಬರತೊಡಗಿದರು. ಆರಾದವು, ಸಾಕು ಎಂದರು ನನಗೆ. ಅದು ಚೇಷ್ಟೆಯೋ ನಿರ್ಧಾರವೋ ನನಗೆ ತಿಳಿಯಲಿಲ್ಲ.

ಆ ವಾರವೇ ವೈನಿಯವರು ನನಗೆ ಫೋನು ಮಾಡಿದರು. ಸಾಹೇಬರ ಹೆಂಡತಿಯನ್ನು ನಾನು ವೈನಿ, ಎಂದರೆ ಅತ್ತಿಗೆ, ಎನ್ನುತ್ತೇನೆ. ನಿಪ್ಪಾಣಿ ಕಡೆಯವರು, ಮನೆಮಾತು ಮರಾಠಿ. ಮಕ್ಕಳಿಲ್ಲ, ಇಬ್ಬರೇ. ಮಾತು ಕಡಿಮೆ.

‘ನಾ ಹೇಳಿದ್ರ ಕೇಳೂದಿಲ್ರಿ ಅವರು. ನೀವ ಬಂದು ಹೇಳ್ರಿ. ನಿಮ್ಮ ಮಾತ ಕೇಳ್ತಾರ’ ಎಂದರು.

ಅವರು ಹೇಳಿ ಹೇಳಿ ಸೋತಿದ್ದಾರೆ ಎಂದು ನಾನು ತಿಳಿದೆ. ಭಾನುವಾರ ಮಧ್ಯಾಹ್ನ ಬರುತ್ತೇನೆ ಎಂದೆ. ಹೋಗುವಾಗ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ಸಾಹೇಬರೇ, ನೀವು ಔಷಧಿ ಬಿಡಬಾರದು, ನಮಗೆ ನೀವು ಬೇಕು. ಇಷ್ಟೇ. ಮೂರು ಭಾಷೆಯಲ್ಲಿ ಯಾವುದರಲ್ಲಿ ಹೇಳಿದರೂ ಆಗುವಂಥದ್ದು. ಬಸ್‌ಸ್ಟ್ಯಾಂಡು ದಾಟುವ ತನಕ ಬಾಯಿಪಾಠ ಇತ್ತು.

ವೈನಿ ಬಾಗಿಲು ತೆರೆದು, ನನ್ನನ್ನು ಒಳಗಿನ ಕೋಣೆಗೆ ಕಳಿಸಿ ಪರದೆ ಎಳೆದರು. ಸಾಹೇಬರು ಕಿಟಕಿಯ ಹತ್ತಿರ ಸ್ವೆಟರು ಹಾಕಿ ಕೂತಿದ್ದರು. ತಾಟಿನಲ್ಲಿ ಒಣದ್ರಾಕ್ಷಿ ಇತ್ತು, ಅಥಣಿಯಿಂದ ಯಾರೋ ಕೊಟ್ಟು ಕಳಿಸಿದ್ದು. ಹುಣಸೆಹಣ್ಣಿನ ಬಣ್ಣಕ್ಕೆ ತಿರುಗಿದ ಆ ಉಗುರುಗಳನ್ನು ನೋಡಿ, ನನಗೇ ತಿಳಿಯದಂತೆ, ಜೋಡಿಸಿಕೊಂಡು ಬಂದದ್ದನ್ನು ಬಿಟ್ಟು ಛತ್ರಿ ಅಂಗಡಿಯ ಮಾತು ತೆಗೆದೆ.

ಆರಕ್ಕೆ ನಿಲ್ಲಿಸಿದ್ದು ಸೊಕ್ಕು ಎಂದೆ. ಯಾರು ಕೇಳಿದರು ಅವರನ್ನು ನಿಲ್ಲಿಸಿ ಅಂತ? ಅಣ್ಣತಮ್ಮ ಏಳನೆಯ ದಿನ ಅಂಗಡಿ ತೆರೆಯಲು ಬರುತ್ತಿದ್ದರಲ್ಲ, ಅವರನ್ನು ಹೊರಗೆ ನಿಲ್ಲಿಸಿ ಬಾಗಿಲು ಹಾಕಿದ ಹಾಗಾಯಿತಲ್ಲ. ಏಳನೆಯದರಲ್ಲೂ ಅದೇ ಛತ್ರಿ, ಅದೇ ಮಳೆ ಎಂದರು ಸಾಹೇಬರು. ಅದೇ ಇರಲಿ, ಅದಕ್ಕೇನಾಯಿತು ಎಂದೆ. ನಗೆ ಇರುವುದಿಲ್ಲ ಎಂದರು. ನಗೆ ಇಲ್ಲದಿದ್ದರೆ ಬೇಡ, ಬರೇ ಕೂತಿರಲಿ, ಬೀದಿ ನೋಡುತ್ತ ಕೂತಿರಲಿ, ನೋಡುವವರು ನೋಡುತ್ತಾರೆ ಎಂದೆ. ಅಮೆರಿಕದವರೇ ಮನುಷ್ಯರು, ನೋಡುವವರಿದ್ದಾರೆ ಎಂದರೆ ಹತ್ತು ವರ್ಷವಾದರೂ ಎಳೆಯುತ್ತಾರೆ, ಸವೆದ ಮಾತನ್ನೇ ಮತ್ತೆ ಆಡುತ್ತಾರೆ, ನೋಡುವವರನ್ನು ಅರ್ಧಕ್ಕೆ ಬಿಟ್ಟು ಹೋಗುವುದಿಲ್ಲ ಎಂದೆ. ನನ್ನ ದನಿ ಏರಿತ್ತು. ಟೀವಿಯ ಬಗ್ಗೆ ಅಷ್ಟು ಎತ್ತರದ ದನಿಯಲ್ಲಿ ಯಾರೂ ಮಾತಾಡುವುದಿಲ್ಲ.

ಅವರು ಎರಡು ಬೆರಳನ್ನು ತಾಟಿನ ಅಂಚಿಗೆ ಇಟ್ಟರು. ಅರೆಗಳಿಗೆಯಲ್ಲ, ತುಂಬ ಹೊತ್ತು ಸುಮ್ಮನಿದ್ದರು. ಆಮೇಲೆ ಜೋರಾಗಿ ನಕ್ಕರು. ಎಷ್ಟೋ ತಿಂಗಳಿಂದ ಅವರು ಹಾಗೆ ನಕ್ಕಿರಲಿಲ್ಲ. ಕೆಮ್ಮು ಬಂತು, ನೀರು ಕುಡಿದರು, ಕಣ್ಣು ಒರೆಸಿಕೊಂಡರು.

‘ಆತ್ ತಗೋರಿ’ ಎಂದರು.

ಹೊರಗಿನವರಿಗೆ ಇದು ಒಪ್ಪಿಗೆಯ ಮಾತು. ಆಯಿತು ಎಂದರೆ ಆಯಿತು. ನಾನೇನು ಹೊರಗಿನವನಲ್ಲ. ನಮ್ಮ ಕಡೆ ಮದುವೆಯ ಮಾತುಕತೆ ಮುರಿಯುವಾಗ, ಹೊಲದ ವ್ಯವಹಾರ ಒಲ್ಲೆ ಎನ್ನುವಾಗ, ಎದುರಿನವನ ಮನಸ್ಸು ನೋಯದ ಹಾಗೆ ಆಡುವ ಮಾತು ಅದು. ಅದರ ಮೇಲೆ, ಎಂಟು ವರ್ಷ ‘ಲೇ’ ಎಂದವರು ಅಂದು ನನಗೆ ‘ರಿ’ ಹಚ್ಚಿದ್ದರು. ಅದನ್ನು ಕೇಳಿಯೂ ನಾನು ಬಾಗಿಲ ಹತ್ತಿರ ವೈನಿಗೆ, ಒಪ್ಪಿದ್ದಾರೆ, ಸೋಮವಾರ ಮಿರಜಕ್ಕೆ ಗಾಡಿ ಕರೆಸಿ ಎಂದೆ. ನನಗೆ ಒಪ್ಪಿಗೆ ಬೇಕಾಗಿತ್ತು, ಹಾಗಾಗಿ ಹಾಗೆ ಕೇಳಿಸಿಕೊಂಡೆ.

ಸೋಮವಾರ ಗಾಡಿ ಬಂದಿತ್ತು. ವೈನಿ ಚೀಲ ತುಂಬಿಟ್ಟಿದ್ದರು. ಸಾಹೇಬರು ಡ್ರೈವರನ್ನು ಒಳಗೆ ಕರೆದು ಚಹಾ ಕೊಡಿಸಿ, ಯಾವ ಊರು, ಕಬ್ಬು ಕಾರ್ಖಾನೆಗೆ ಹೋಯಿತೇ ಎಂದೆಲ್ಲ ವಿಚಾರಿಸಿ, ಸುಮ್ಮನೆ ತೊಂದರೆಯಾಯಿತು ಎಂದು ಹೇಳಿ ಕಳಿಸಿದರಂತೆ. ಹನ್ನೊಂದಕ್ಕೆ ಹದಿನೈದು ನಿಮಿಷವಿರುವಾಗ ಕೋರ್ಟಿನ ಮೆಟ್ಟಿಲು ಹತ್ತಿ ಬಂದರು. ನಾನು ನೋಡಿದೆ. ಊಟದ ಬಿಡುವಿನಲ್ಲಿ ಫೋನನ್ನು ಗಂಟಿಗೆ ಆನಿಸಿ ಮೊದಲ ಕಂತು ಹಚ್ಚಿದರು. ಇಬ್ಬರೂ ನೋಡಿದೆವು. ಸಿಟ್ಟಾದರೂ ಬರಬೇಕಿತ್ತು ನನಗೆ. ಬರಲಿಲ್ಲ.

ಮುಂದಿನ ತಿಂಗಳುಗಳೂ ಹಾಗೇ ಹೋದವು. ದಿನಾ ಒಂದು ರೊಟ್ಟಿ ತರುತ್ತಿದ್ದವರು ಅರ್ಧ ತರತೊಡಗಿದರು, ಆಮೇಲೆ ಬರೇ ಮಜ್ಜಿಗೆ. ಒಂದು ದಿನ ಬರಲಿಲ್ಲ. ಐದಾರು ವಾರ ಹಾಸಿಗೆಯಲ್ಲಿದ್ದರು. ಹೋಗಿ ಹೋಗಿ ಕೂತು ಬಂದೆ, ಹವಾಮಾನ, ವರ್ಗಾವಣೆ ಇವೇ ಮಾತು. ಹೋದರು ಎಂದು ಸುದ್ದಿ ಬಂದಾಗ ನಾನು ಸಾಕ್ಷಿಯೊಬ್ಬನ ಹೇಳಿಕೆ ಟೈಪು ಮಾಡುತ್ತಿದ್ದೆ. ವಾಕ್ಯ ಮುಗಿಸಿ ಎದ್ದೆ.

ಅವರ ಊರು ಯಡೂರು. ಹೊಳೆದಂಡೆಯಲ್ಲಿ ಎಲ್ಲ ಮುಗಿಯಿತು. ಅಲ್ಲಿ ನಿಂತು ನಾನು ಯೋಚಿಸಿದ್ದು, ಚಪ್ಪಲಿಗೆ ಕೆಸರು ಹತ್ತಿದೆ, ಬಸ್ಸಿನವನು ಬೈಯುತ್ತಾನೆ ಅಂತ. ಮನೆಗೆ ಬಂದು ಮೂರು ರೊಟ್ಟಿ ತಿಂದೆ.

ದಿನಕರ್ಮಗಳೆಲ್ಲ ಮುಗಿದ ಮೇಲೆ ವೈನಿ ಮತ್ತೆ ಫೋನು ಮಾಡಿದರು. ಅವರ ಪೆನ್‌ಡ್ರೈವುಗಳಿವೆ, ನನಗೇನು ತಿಳಿಯುತ್ತದೆ, ನೀವೇ ಒಯ್ಯಿರಿ ಎಂದರು. ಹೋದೆ. ಚಹಾ ಕೊಟ್ಟು ಎದುರಿಗೆ ಕೂತರು. ಅವರು ನನ್ನೆದುರು ಕೂತದ್ದು ಅದೇ ಮೊದಲು.

ಆ ಭಾನುವಾರ ಅವರು ಅಷ್ಟು ಜೋರಾಗಿ ನಕ್ಕರಲ್ಲ, ನೀವೇನು ಹೇಳಿದಿರಿ ಎಂದು ಕೇಳಿದರು. ಔಷಧಿಯ ಮಾತು ಕೇಳಿ ಯಾರಾದರೂ ಹಾಗೆ ನಗುತ್ತಾರೆಯೇ ಎಂದು ಅಂದಿನಿಂದ ಯೋಚಿಸುತ್ತಿದ್ದೇನೆ ಎಂದರು. ಅವರ ದನಿಯಲ್ಲಿ ಆರೋಪ ಇರಲಿಲ್ಲ. ಇದ್ದಿದ್ದರೆ ಸುಳ್ಳು ಹೇಳಲು ಸುಲಭವಾಗುತ್ತಿತ್ತು.

‘ಔಷಧದ ಮಾತ ತಗೀಲೇ ಇಲ್ರಿ ವೈನಿ. ಟೀವಿ ಬಗ್ಗೆ ಮಾತಾಡಿದ್ವಿ. ನನಗ ಬಾಯಿ ಬರಲಿಲ್ಲ’ ಎಂದೆ.

ವೈನಿ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡರು, ಬಿಚ್ಚಿದರು. ಬೈಯಲಿ ಎಂದು ಕಾಯುತ್ತಿದ್ದೆ. ಆ ಭಾನುವಾರದಿಂದ ಈಚೆಗಿನ ಎಂಟು ತಿಂಗಳಲ್ಲಿ ನನಗೆ ಬೇಕಾಗಿದ್ದದ್ದು ಅದೊಂದೇ ಇರಬೇಕು, ಯಾರಾದರೂ ನನ್ನನ್ನು ಚೆನ್ನಾಗಿ ಬೈಯುವುದು.

‘ಹೋಗ್ಲಿ ಬಿಡ್ರಿ. ನೀವು ದಿನಾ ಅಷ್ಟ್ ಹೇಳಿದ್ರೂ ಕೇಳಲಿಲ್ಲಲಾ ಅವರು’ ಎಂದು ನಾನೇ ಅವರನ್ನು ಸಮಾಧಾನ ಮಾಡಹೋದೆ.

ವೈನಿ ತಲೆ ಎತ್ತಿದರು.

‘ನಾ ಎಲ್ಲಿ ಹೇಳಿದ್ದೆರಿ? ಒಂದ ಸಲನೂ ಹೇಳಿದ್ದಿಲ್ಲ. ನನ್ನ ಮಾರಿ ಮ್ಯಾಲೆ ಬ್ಯಾಡ ಅಂದ್ರ ಏನ್ ಮಾಡ್ಲಿ ಅಂತ ಹೆದರಿಕಿ ಆಗಿತ್ತು. ಅದಕ್ಕ ನಿಮ್ಮನ್ನ ಕರಸಿದ್ದೆ.’

ಚಹಾದ ಲೋಟ ಕೈಯಲ್ಲೇ ಇತ್ತು. ಆ ಭಾನುವಾರ ಒಳಗಿನ ಕೋಣೆಯಲ್ಲಿ ಕೂತಿದ್ದ ಸಾಹೇಬರಿಗೆ, ನೀವು ಇರ್ರಿ, ಹೋಗಬ್ಯಾಡ್ರಿ ಎಂದು ಈ ಭೂಮಿಯ ಮೇಲೆ ಒಬ್ಬರೂ ಹೇಳಿರಲಿಲ್ಲ.